ಹಾಡಿಗೂ ಒಂದು ಮುಹೂರ್ತ ಹೇಳಿ: ನಮ್ಮ ಬಾನುಲಿ ಕೇಂದ್ರಕ್ಕೆ ಬಹಿರಂಗ ಪತ್ರ

ಇವರಿಗೆ,
ಕಾರ್ಯಕ್ರಮ ಮುಖ್ಯಸ್ಥರು ಹಾಗೂ ಸಿಬ್ಬಂದಿ ವರ್ಗ,
ನಮ್ಮ ಸಾರ್ವಜನಿಕ ಬಾನುಲಿ ಕೇಂದ್ರ,
ಕೊಡಗು ಜಿಲ್ಲೆ

ವಿಷಯ: ಮುಂಬರುವ ಸಂಗೀತ ಮತ್ತು ಸಂದರ್ಶನ ಕಾರ್ಯಕ್ರಮಗಳ ವಿವರವನ್ನು ಕೇಳುಗರಿಗೂ ಹಾಡಿದವರಿಗೂ ಮುಂಚಿತವಾಗಿ ತಿಳಿಸುವ ಕುರಿತು

ಮಾನ್ಯರೇ,

ನಿನ್ನೆ ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಮಳೆಗಾಲದ ತಿಂಗಳ ಹದಿನೆಂಟನೆಯ ದಿನ. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಪಕ್ಕದ ಐನ್‌ಮನೆಯವರು, ಅಂದರೆ ಕೊಡವ ಕುಟುಂಬದ ಹಿರಿಮನೆಯವರು, ಕರೆದರೆಂದು ಮದ್ದುಸೊಪ್ಪಿನ ಪಾಯಸಕ್ಕೆ ಹೋಗಿದ್ದೆ. ಒಲೆ ಪಕ್ಕ ಬೆಚ್ಚಗೆ ಕೂತಿದ್ದ ಅಜ್ಜ, ಎಂಬತ್ತು ದಾಟಿದವರು, ನನ್ನನ್ನು ನೋಡಿದ ಕೂಡಲೇ ಕೇಳಿದರು: "ನಮ್ಮ ಪಾಟ್ ರೇಡಿಯೊದಲ್ಲಿ ಬಂತಂತೆ. ನೀನಾದರೂ ಕೇಳಿದೆಯಾ?" ಪಾಟ್ ಎಂದರೆ ಹಾಡು. ಎಂಟು ತಿಂಗಳಿಂದ ಅವರು ಈ ಪ್ರಶ್ನೆ ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ನನ್ನ ಉತ್ತರವೂ ಅದೇ. ಇಲ್ಲ ಅಜ್ಜ, ನಾನೂ ಕೇಳಲಿಲ್ಲ. ನಿನ್ನೆ ಹಾಗೆ ಹೇಳುವಾಗ ಬಹಳ ಸಂಕಟವಾಯಿತು. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದು ಈ ಪತ್ರ ಬರೆಯಲು ಕೂತಿದ್ದೇನೆ.

ಎಲ್ಲರಿಗೂ ಕಾಣುವಂತೆ ಬರೆಯುತ್ತಿರುವುದು ನಿಮ್ಮನ್ನು ತಲೆತಗ್ಗಿಸುವಂತೆ ಮಾಡಲು ಅಲ್ಲ. ಮುಚ್ಚಿದ ಲಕೋಟೆಯಲ್ಲಿ ಎರಡು ಸಲ ಬರೆದಾಗಿದೆ. ಅದಕ್ಕಿಂತ ಹೆಚ್ಚಾಗಿ, ಇದೇ ಮಾತು ಬಾಯಿ ತುದಿಯಲ್ಲಿ ಇಟ್ಟುಕೊಂಡವರು ಜಿಲ್ಲೆಯಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆಂದು ನನಗೆ ಗೊತ್ತು. ಅವರೂ ಇದನ್ನು ಓದಲಿ, ತಮ್ಮ ಮಾತು ಸೇರಿಸಲಿ.

ನಮ್ಮ ಮನೆ ಇರುವುದು ಭಾಗಮಂಡಲ ರಸ್ತೆಯಿಂದ ಒಳಗಿಳಿದರೆ ಸಿಗುವ ಒಂದು ಕಣಿವೆಯಲ್ಲಿ. ಎರಡು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಕರಿಮೆಣಸು, ಊಟಕ್ಕಾಗುವಷ್ಟು ಗದ್ದೆ. ಮನೆಮಾತು ಅರೆಭಾಷೆ. ಬೆಳಗ್ಗೆ ರೇಡಿಯೊ ಹಾಕದೆ ನಾನು ಒಲೆ ಹೊತ್ತಿಸಿದ್ದೇ ಇಲ್ಲ ಎನ್ನಬೇಕು. ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ತೋಟಕ್ಕೂ ಒಂದು ಸಣ್ಣ ರೇಡಿಯೊ ಬರುತ್ತದೆ. ಗಿಡದ ರೆಂಬೆಗೆ ನೇತುಹಾಕಿ, ಸಾಲು ಮುಗಿದಂತೆ ಮುಂದಿನ ಗಿಡಕ್ಕೆ ಅದನ್ನೂ ಸಾಗಿಸುತ್ತೇವೆ. ನಿಮ್ಮ ಉದ್ಘೋಷಕರ ಧ್ವನಿಗಳು ನನಗೆ ತವರಿನವರ ಧ್ವನಿಗಳಷ್ಟೇ ಪರಿಚಿತ. ಯಾರಿಗೆ ಶೀತವಾಗಿದೆ, ಯಾರು ರಜೆಯಲ್ಲಿದ್ದಾರೆ ಎಂದು ಕೂಡ ನಾನು ಹೇಳಬಲ್ಲೆ. ಆ ಸಲಿಗೆಯಲ್ಲೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು.

ಕಳೆದ ವರ್ಷ ನಮ್ಮ ಸುಗ್ಗಿಯ ಹಬ್ಬವಾದ ಪುತ್ತರಿಗೆ ಹದಿನೈದು ದಿನ ಇರುವಾಗ ನಿಮ್ಮ ಕೇಂದ್ರದಿಂದ ಇಬ್ಬರು ಧ್ವನಿಮುದ್ರಣಕ್ಕೆಂದು ಐನ್‌ಮನೆಗೆ ಬಂದರು. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವರ ಹಾಡು ಬಾಳೋಪಾಟ್. ಅದನ್ನು ಹಾಡುವ ನಾಲ್ವರು ಹಿಂದಿನ ದಿನದಿಂದಲೇ ತಯಾರಿ ನಡೆಸಿದ್ದರು. ಥಂಡಿಗೆ ದುಡಿಯ ಚರ್ಮ ಸಡಿಲವಾಗಿತ್ತೆಂದು ಒಲೆಯ ಕಾವಿಗೆ ಹಿಡಿದು, ಬೆರಳಲ್ಲಿ ತಟ್ಟಿ, ಮತ್ತೆ ಹಿಡಿದು ಹದಕ್ಕೆ ತಂದರು. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಹಚ್ಚಿ, ಅದರ ಕೆಳಗೆ ಚಾಪೆ ಹಾಸಿ ಕೂತರು. ಬಂದ ಹುಡುಗ ಬಹಳ ಕೆಲಸ ಬಲ್ಲವನು. ಫ್ರಿಜ್ ಆಫ್ ಮಾಡಿಸಿದ. ಹುಂಜವನ್ನು ದೂರದ ಬುಟ್ಟಿಯಡಿ ಮುಚ್ಚಿಸಿದ. ಮಕ್ಕಳನ್ನು ಅಂಗಳ ದಾಟಿಸಿದ. ಆಮೇಲೆ ಸುಮಾರು ಒಂದೂವರೆ ಗಂಟೆ ಆ ನಾಲ್ವರು ಹಾಡಿದರು. ಇಬ್ಬರು ಎತ್ತಿಕೊಟ್ಟದ್ದನ್ನು ಇನ್ನಿಬ್ಬರು ಹಿಡಿದು, ದುಡಿಯ ಪೆಟ್ಟು ಎಲ್ಲೂ ತಪ್ಪದೆ. ನಾನು ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದೆ. ಇಷ್ಟು ವರ್ಷ ಮದುವೆಯಲ್ಲಿ, ಹಬ್ಬದಲ್ಲಿ ಗದ್ದಲದ ನಡುವೆ ಕೇಳಿದ್ದ ಪಾಟನ್ನು ಮೊದಲ ಬಾರಿಗೆ ಪೂರಾ ಮೌನದಲ್ಲಿ ಕೇಳಿದೆ. ಅದನ್ನು ಕೇಳಿಸಿದ್ದು ನಿಮ್ಮ ಮೈಕು. ಆ ಋಣ ಇದೆ.

ಮುಗಿದ ಮೇಲೆ ಕಾಫಿ ಕುಡಿಯುವಾಗ ಅಜ್ಜ ಕೇಳಿದರು: ಯಾವತ್ತು ಬರುತ್ತದೆ? ಹುಡುಗ ಹೇಳಿದ: "ಹಬ್ಬದ ಹೊತ್ತಿಗೆ ಬರುತ್ತೆ ಅಜ್ಜ, ಕೇಳ್ತಾ ಇರಿ."

ಕೇಳ್ತಾ ಇರಿ ಎಂಬ ಮಾತು ನಂಬಿ ಒಂದು ಮನೆ ಹೇಗೆ ಕಾಯುತ್ತದೆ ಎಂಬುದನ್ನು ನೀವು ನೋಡಿಲ್ಲ. ನಾನು ನೋಡಿದೆ. ಆ ಮನೆಯೊಳಗೆ ನಿಮ್ಮ ನಿಲಯ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ, ಕೊಟ್ಟಿಗೆಯ ಗೋಡೆಗೆ ಒತ್ತಿ ನಿಂತರೆ ಮಾತ್ರ ಸ್ಪಷ್ಟವಾಗಿ ಸಿಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಆ ಮೂಲೆಗೆ ಬೆಂಚು ಹಾಕಿ, ಸ್ವೆಟರು, ಮಫ್ಲರು, ಮೇಲೊಂದು ಕಂಬಳಿ ಹೊದ್ದು ಅಜ್ಜ ಸಂಜೆಯಿಂದ ರಾತ್ರಿ ಊಟದ ತನಕ ಕೂರುತ್ತಿದ್ದರು. ಪುತ್ತರಿ ಬಂತು, ಹೋಯಿತು. ಕೋಲಾಟವೂ ಮುಗಿಯಿತು. ಎರಡು ಸಲ ಬ್ಯಾಟರಿ ಬದಲಾಯಿಸಿದರು. ಇಪ್ಪತ್ತಮೂರನೆಯ ದಿನ ಕಣ್ಣು ತೋರಿಸಲೆಂದು ಮಗ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದ. ಅಂದೇ ಸಂಜೆ ಪ್ರಸಾರವಾಯಿತು.

ಸುದ್ದಿ ನಮಗೆ ಮುಟ್ಟಿದ್ದು ಮೂರು ದಿನದ ಮೇಲೆ, ಸಾಮಾನು ತರುವ ಜೀಪಿನ ಡ್ರೈವರ್ ಬಾಯಿಂದ. ಸುಂಟಿಕೊಪ್ಪ ದಾಟುವಾಗ ಗಾಡಿಯ ರೇಡಿಯೊದಲ್ಲಿ ಕೇಳಿದೆ, ನಿಮ್ಮೂರ ಹೆಸರು ಹೇಳಿದರು, ಬಹಳ ಚೆನ್ನಾಗಿತ್ತು ಎಂದ. ಹಾಡಿದ ನಾಲ್ವರಲ್ಲಿ ಒಬ್ಬರೂ ಕೇಳಿರಲಿಲ್ಲ. ಅವರ ಮನೆಯವರು ಕೇಳಿರಲಿಲ್ಲ. ಊರಲ್ಲಿ ಯಾರೂ ಕೇಳಿರಲಿಲ್ಲ. ಫೋನ್ ಮಾಡಿದೆ. ಉತ್ತರಿಸಿದವರು ಮರ್ಯಾದೆಯಿಂದಲೇ ಮಾತಾಡಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. "ಪ್ರಸಾರ ಆಯಿತಲ್ಲ, ನೀವು ಕೇಳಲಿಲ್ಲವಾ?" ಎಂದರು. ಮರುಪ್ರಸಾರ ಮಾಡಿ ಎಂದರೆ ಪತ್ರ ಬರೆಯಿರಿ ಎಂದರು. ಬರೆದೆ. ಫೆಬ್ರುವರಿಯಲ್ಲಿ ಒಂದು, ಏಪ್ರಿಲಿನಲ್ಲಿ ಒಂದು. ಉತ್ತರ ಬರಲಿಲ್ಲ.

ಇದು ಒಂದು ಮನೆಯ ದುರದೃಷ್ಟ ಎಂದು ನೀವು ಅಂದುಕೊಳ್ಳಬಾರದು. ನಮ್ಮ ಜಿಲ್ಲೆಯ ನೆಲವೇ ಹಾಗಿದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಗೆರೆಯಲ್ಲಿ ಹೋಗುವಂಥದ್ದು. ಹಳೆಯ ಮೀಡಿಯಂ ವೇವ್ ನೆಲ ಹಿಡಿದು ದೂರ ಹರಿಯುತ್ತಿತ್ತು. ಎಫ್‌ಎಂಗೆ ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು. ಕೊಡಗಿನಲ್ಲಿ ಗುಡ್ಡ ಅಡ್ಡ ಬಾರದ ಮನೆ ಎಷ್ಟಿವೆ? ಒಂದು ಮನೆಗೆ ಜಗುಲಿಯಲ್ಲಿ ಸಿಗುತ್ತದೆ, ಮತ್ತೊಂದಕ್ಕೆ ನೀರಿನ ಟ್ಯಾಂಕಿನ ಮೇಲೆ. ನಮ್ಮ ಕಣಿವೆಯ ಇನ್ನೊಂದು ಮನೆಯವರಿಗೆ ತೋಟದ ಗೇಟಿನ ಹತ್ತಿರ ಬಂದರೆ ಮಾತ್ರ. ಮೊಬೈಲಿನ ಆ್ಯಪ್‌ನಲ್ಲಿ ಕೇಳಿ ಎನ್ನುವವರಿದ್ದಾರೆ. ಮೊಬೈಲಿಗೂ ಸಿಗ್ನಲ್ ಬೇಕಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಎರಡು ದಿನವಾದರೆ ಟವರೂ ಮಲಗುತ್ತದೆ. ಹಾಗಾಗಿ ರೇಡಿಯೊ ಕೇಳುವುದೆಂದರೆ ಇಲ್ಲಿ ಬಟನ್ ಒತ್ತುವ ಕೆಲಸವಲ್ಲ. ಕೈಕೆಲಸ ಬಿಟ್ಟು, ಕೊಡೆ ಹಿಡಿದು, ಸಿಗುವ ಜಾಗಕ್ಕೆ ನಡೆದು ಹೋಗಬೇಕು. ಯಾವ ದಿನ, ಎಷ್ಟು ಗಂಟೆಗೆ ಎಂದು ಗೊತ್ತಿದ್ದರೆ ಖಂಡಿತ ಹೋಗುತ್ತೇವೆ. ಗೊತ್ತಿಲ್ಲದಿದ್ದರೆ ದಿನವಿಡೀ ಗೇಟಿನ ಹತ್ತಿರ ನಿಲ್ಲುವುದು ಸಾಧ್ಯವೇ?

ಗೊತ್ತಿದ್ದರೆ ನಾವು ತಪ್ಪಿಸಿಕೊಳ್ಳುವವರಲ್ಲ ಎಂಬುದಕ್ಕೆ ಈ ನಾಡಿನ ಹಬ್ಬಗಳೇ ಸಾಕ್ಷಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂಬುದು ಬಹಳ ಮೊದಲೇ ಮನೆಮನೆಗೆ ಗೊತ್ತಿರುತ್ತದೆ. ನಡುರಾತ್ರಿಯಾದರೂ, ನಸುಕಾದರೂ ಬ್ರಹ್ಮಗಿರಿಯ ಗಾಳಿಮಳೆಯಲ್ಲಿ ಜನ ನಿಂತಿರುತ್ತಾರೆ. ಪುತ್ತರಿಯ ದಿನವನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯಿಸಿ ಸಾರುತ್ತಾರೆ. ಎಲೆಗಳ ನೆರೆ ಕಟ್ಟುವುದು ಇಷ್ಟು ಹೊತ್ತಿಗೆ, ಕದಿರು ತೆಗೆಯುವುದು ಇಷ್ಟು ಹೊತ್ತಿಗೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳೂ ಆ ಗಳಿಗೆಗೆ ಸರಿಯಾಗಿ ಗದ್ದೆಯಲ್ಲಿ ನಿಂತು "ಪೊಲಿ ಪೊಲಿ ದೇವಾ" ಎನ್ನುತ್ತಾರೆ. ಮುಹೂರ್ತ ಹೇಳಿದರೆ ಬರುವ ಜನ ನಾವು. ಹಾಡಿಗೂ ಒಂದು ಮುಹೂರ್ತ ಹೇಳಿ ಎಂಬುದಷ್ಟೇ ನನ್ನ ಬೇಡಿಕೆಯ ತಿರುಳು.

ಇದೇನು ಹೊಸ ಪದ್ಧತಿಯೂ ಅಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರಿ ಬಾನುಲಿಯ ಇಂಗ್ಲಿಷ್ ಪಾಕ್ಷಿಕ 'ದಿ ಇಂಡಿಯನ್ ಲಿಸನರ್' ಹೊರಟಿತು. ಮುಂದೆ ಯಾವ ದಿನ, ಎಷ್ಟು ಗಂಟೆಗೆ, ಯಾರ ಗಾಯನ, ಯಾರ ಭಾಷಣ ಎಂಬುದೆಲ್ಲ ಅದರಲ್ಲಿ ಅಚ್ಚಾಗುತ್ತಿತ್ತು. ಸೀಸದ ಅಚ್ಚುಮೊಳೆ ಜೋಡಿಸಿ, ಅಂಚೆಯಲ್ಲಿ ಕಳಿಸಿ ಕೇಳುಗರನ್ನು ಸಿದ್ಧ ಮಾಡುತ್ತಿದ್ದ ಕಾಲ ಅದು. ಈಗ ಒಂದು ಪುಟ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಬಿಟ್ಟರೆ ಕುಟ್ಟದಿಂದ ಶನಿವಾರಸಂತೆಯ ತನಕ ಅರ್ಧ ಗಂಟೆಯಲ್ಲಿ ಹರಡುತ್ತದೆ.

ನಿಮ್ಮಲ್ಲಿ ವೇಳಾಪಟ್ಟಿ ಇದ್ದೇ ಇರುತ್ತದೆ. ಅದಿಲ್ಲದೆ ನಿಲಯ ನಡೆಯುವುದಿಲ್ಲ ಎಂಬಷ್ಟು ನನಗೂ ತಿಳಿಯುತ್ತದೆ. ಆದರೆ ನಮಗೆ ಕೇಳಿಸುವುದು "ಸಂಜೆ ಇಷ್ಟು ಗಂಟೆಗೆ ಜಾನಪದ ಸಂಗೀತ, ನಂತರ ಸಂದರ್ಶನ" ಎಂಬಷ್ಟೇ. ಯಾರ ಹಾಡು? ಯಾವ ಊರಿನವರು? ಯಾವ ಭಾಷೆ? ಯಾರ ಜೊತೆ ಮಾತು? ಹೆಸರಿಲ್ಲದ ಪ್ರಕಟಣೆಗೆ ಯಾರೂ ಕಂಬಳಿ ಹೊದ್ದು ಕಣಕ್ಕೆ ಇಳಿಯುವುದಿಲ್ಲ. "ನಾಳೆ ಸಂಜೆ ಬಿರುನಾಣಿಯ ನಾಲ್ವರಿಂದ ಬಾಳೋಪಾಟ್" ಎಂದು ಹೇಳಿ ನೋಡಿ. ಬಿರುನಾಣಿ ಪೂರ್ತಿ ಕೇಳುತ್ತದೆ, ಆ ಊರಿನಿಂದ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳೆಲ್ಲ ಕೇಳುತ್ತಾರೆ.

ಒಂದು ಹಾಡು ಕೇಳದೆ ಹೋದರೆ ಏನು ಮಹಾ ನಷ್ಟ ಎಂದು ಕೇಳುವವರಿಗೆ ಹೇಳುತ್ತೇನೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ, ಹಾಡುವವರ ಬಾಯಿಂದ ಸಂಗ್ರಹಿಸಿದ ಕೊಡವ ಹಾಡುಗಳ ಪುಸ್ತಕ 'ಪಟ್ಟೋಲೆ ಪಳಮೆ' ಅಚ್ಚಾದದ್ದು 1924ರಲ್ಲಿ. ನೂರು ವರ್ಷ ದಾಟಿತು. ಆ ಪುಣ್ಯಾತ್ಮರಿಂದ ಸಾಲುಗಳು ಉಳಿದವು. ಆದರೆ ದುಡಿಯ ಪೆಟ್ಟಿಗೆ ಸಾಲು ಎಲ್ಲಿ ಒದಗುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಮದುವೆಯ ಪಾಟಿನ ಓಟ ಬೇರೆ, ಸಾವಿನ ಮನೆಯ ಪಾಟಿನ ಭಾರ ಬೇರೆ, ಇದೆಲ್ಲ ಪುಸ್ತಕದಲ್ಲಿ ನಿಲ್ಲುವುದಿಲ್ಲ. ಅದು ಕಿವಿಯಿಂದ ಕಿವಿಗೆ ಬರಬೇಕು. ನಮ್ಮ ಪಕ್ಕದ ಮನೆಯ ನಾಲ್ವರಲ್ಲಿ ಅತಿ ಕಿರಿಯರಿಗೇ ಅರವತ್ತನಾಲ್ಕು. ಅಜ್ಜನ ಮೊಮ್ಮಗನಿಗೆ ಹದಿನಾರು, ಅವನಿಗೆ ಆಸಕ್ತಿಯಿದೆ. ತನ್ನ ಅಜ್ಜನ ಧ್ವನಿ ರೇಡಿಯೊದಲ್ಲಿ ಬರುವುದನ್ನು ಅವನು ತನ್ನ ಸ್ನೇಹಿತರ ಜೊತೆ ಕೂತು ಕೇಳಿದ್ದರೆ ಪಾಟಿನ ಬಗ್ಗೆ ಅವನಿಗಿದ್ದ ಹೆಮ್ಮೆ ಎಷ್ಟು ಬೆಳೆಯುತ್ತಿತ್ತು! ಹುಡುಗರಿಗೆ ಬೇಕಾದ್ದು ಅದೇ. ತಮ್ಮ ಮನೆಯದ್ದನ್ನು ಹೊರಗಿನವರು ಕಿವಿಗೊಟ್ಟು ಕೇಳುತ್ತಿದ್ದಾರೆ ಎಂಬುದು ಅವರಿಗೆ ಕಾಣಬೇಕು. ಆ ಸಂಜೆ ಅವನಿಂದ ತಪ್ಪಿಹೋಯಿತು. ನನ್ನ ಸಿಟ್ಟು ಇರುವುದು ಅಲ್ಲಿ.

ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಯುನೆಸ್ಕೊದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಕೊಡವ ತಕ್ಕನ್ನು ಮನೆಮಾತೆಂದು ಬರೆಸಿದವರು ಇಡೀ ದೇಶದಲ್ಲಿ 1,13,857. ಅರೆಭಾಷೆಯ ಮದುವೆಮನೆಯ ಸೋಬಾನೆಯನ್ನು ಕೊನೆತನಕ ಹೇಳಬಲ್ಲ ಹೆಂಗಸರು ನಮ್ಮ ಕಡೆ ಬೆರಳೆಣಿಕೆ. ಯರವರ, ಜೇನು ಕುರುಬರ, ಬೆಟ್ಟ ಕುರುಬರ ಹಾಡುಗಳ ಗತಿ ಇನ್ನೂ ಕಷ್ಟ. ತೋಟದ ಕೆಲಸದವರ ಲೈನ್‌ಮನೆಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಅವು ಇವೆ, ಕೇಳುವವರಿಲ್ಲ. 1990ರ ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಮನ್ನು ನಾನು ಮೊಮ್ಮಗಳ ಸಹಾಯದಿಂದ ಓದಿಸಿಕೊಂಡೆ. ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿಗೂ ಭಾಷೆಗೂ ತಕ್ಕ ಪ್ರಸಾರ ಕೊಡುವುದು, ಗಡಿನಾಡಿನ, ಹಿಂದುಳಿದ, ದೂರದ ಜಾಗಗಳ ಜನರಿಗೆ ಸೇವೆ ಸಲ್ಲಿಸುವುದು ಸಾರ್ವಜನಿಕ ಪ್ರಸಾರದ ಕರ್ತವ್ಯ ಎಂದು ಅದರಲ್ಲಿದೆ. ಹಾಡನ್ನು ಗಾಳಿಗೆ ಬಿಟ್ಟ ಮಾತ್ರಕ್ಕೆ ಆ ಕರ್ತವ್ಯ ಮುಗಿಯಿತೇ? ಕೇಳಬೇಕಾದವರ ಕಿವಿಗೆ ಬಿದ್ದಾಗ ತಾನೇ ಅದು ಪ್ರಸಾರ?

ಇನ್ನು ಸಂದರ್ಶನಗಳ ಮಾತು. ಇಲ್ಲಿ ಸ್ವಲ್ಪ ಬಿಚ್ಚಿ ಹೇಳಬೇಕು.

ಹಲವು ವರ್ಷಗಳ ಹಿಂದೆ ನಿಮ್ಮಲ್ಲಿ ಬಂದ ಒಂದು ಸಂದರ್ಶನ ನನಗೆ ಇವತ್ತಿಗೂ ಕಿವಿಯಲ್ಲಿದೆ. ನಿವೃತ್ತರಾದ ಒಬ್ಬ ಅಂಚೆಯವರು. ಮಳೆಗಾಲದಲ್ಲಿ ಚೀಲವನ್ನು ಗೊರಬೆ ಎಂಬ ಮಳೆಹೊದಿಕೆಯೊಳಗೆ ಬಚ್ಚಿಟ್ಟುಕೊಂಡು, ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪು ಹಚ್ಚಿಕೊಂಡು ಜಿಗಣೆಗಳ ನಡುವೆ ಹೊಳೆ ದಾಟುತ್ತಿದ್ದುದನ್ನು ಹೇಳುತ್ತಿದ್ದರು. ಸೈನ್ಯದಲ್ಲಿದ್ದ ಮಗನ ಪತ್ರ ತಂದುಕೊಟ್ಟರೆ ಓದಿ ಹೇಳುವ ತನಕ ತಾಯಂದಿರು ಬಿಡುತ್ತಿರಲಿಲ್ಲವಂತೆ. ಒಂದು ಕಡೆ ಅವರು ಮಾತು ನಿಲ್ಲಿಸಿದರು. ಪ್ರಶ್ನೆ ಕೇಳುವವರೂ ಸುಮ್ಮನಿದ್ದರು. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳಿಸಿತು, ಏಳೆಂಟು ಕ್ಷಣ. ಆಮೇಲೆ ಅವರು ಹೇಳಿದ್ದು ಒಂದು ಸಾವಿನ ತಂತಿಯ ಕಥೆ. ಆ ಮೌನವನ್ನು ಕತ್ತರಿಸದೆ ಬಿಟ್ಟವರು ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ. ಅದನ್ನು ನಾನು ಕೇಳಿದ್ದು ಅಕಸ್ಮಾತ್ತಾಗಿ, ಪಾತ್ರೆ ತೊಳೆಯಲು ಹೊರಗೆ ಬಂದಾಗ. ಅಷ್ಟು ಒಳ್ಳೆಯದನ್ನು ಅಕಸ್ಮಾತ್ತಿಗೆ ಬಿಡಬಹುದೇ?

ಈಚೆಗೆ ಬರುವ ಸಂದರ್ಶನಗಳಲ್ಲಿ ಅರ್ಧ ಹೊತ್ತು ಅತಿಥಿಯ ಪದವಿ, ಪ್ರಶಸ್ತಿ, ಹುದ್ದೆಗಳಿಗೇ ಹೋಗುತ್ತದೆ. ಹಾಡುಗಾರರನ್ನು ಕರೆಸಿ "ಈ ಕ್ಷೇತ್ರಕ್ಕೆ ಹೇಗೆ ಬಂದಿರಿ" ಎಂದು ಕೇಳಿ, ಕೊನೆಗೆ "ಎರಡು ಸಾಲು ಹಾಡಿ" ಎನ್ನುತ್ತಾರೆ. ಎರಡು ಸಾಲಲ್ಲಿ ಬಾಳೋಪಾಟ್ ಏನು ತಿಳಿಯುತ್ತದೆ? ಅದು ನಿಧಾನವಾಗಿ ಏರುವಂಥದ್ದು. ಹತ್ತು ನಿಮಿಷವಾದರೂ ಬಿಡಿ, ಮಾತು ಕಡಿಮೆಯಾದರೆ ಆಗಲಿ. 2023ರಲ್ಲಿ ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನ ಕಲಾವಿದೆ ರಾಣಿ ಮಾಚಯ್ಯ ಅವರಿಗೆ ಪದ್ಮಶ್ರೀ ಬಂದಾಗ ನಮಗೆಲ್ಲ ಎಷ್ಟು ಸಂತೋಷವಾಯಿತು! ಅಂಥವರ ಮನೆಗೆ ಮೈಕು ಹಿಡಿದು ಹೋಗಲು ಎಲ್ಲ ಮಾಧ್ಯಮದವರೂ ಇದ್ದಾರೆ. ಪ್ರಶಸ್ತಿಯ ದಾರಿಯಲ್ಲೇ ಇಲ್ಲದವರ ಮನೆಗೆ ಹೋಗುವವರು ನೀವು ಮಾತ್ರ. ದುಡಿಗೆ ಚರ್ಮ ಕಟ್ಟುವವರು, ವಾಲಗದಲ್ಲಿ ಕೊಂಬು ಊದಿ ಊದಿ ಕೆನ್ನೆ ಸೋತವರು, ತೋಟದ ಮಳೆಮಾಪಕದಲ್ಲಿ ದಿನಾ ಬೆಳಗ್ಗೆ ಇಂಚು ಸೆಂಟಿನ ಲೆಕ್ಕ ನೋಡಿ ನಲವತ್ತು ವರ್ಷ ಡೈರಿಯಲ್ಲಿ ಬರೆದವರು, ದೇವರಪುರದ ಕುಂಡೆ ಹಬ್ಬಕ್ಕೆ ವೇಷ ಕಟ್ಟುವವರು, ಅಪ್ಪಚ್ಚಕವಿಯ ನಾಟಕದ ಹಾಡುಗಳನ್ನು ಹಳೆಯ ಧಾಟಿಯಲ್ಲೇ ಹಾಡುವ ಹಿರಿಯರು, ಇವರೆಲ್ಲ ಕಾಯುತ್ತಿದ್ದಾರೆ. ಅವರವರ ಭಾಷೆಯಲ್ಲೇ ಮಾತಾಡಿಸಿ. ಯರವ ಅಜ್ಜಿಯನ್ನು ಕನ್ನಡದಲ್ಲಿ ಕೇಳಿದರೆ ಹೌದು, ಇಲ್ಲ ಎನ್ನುತ್ತಾಳೆ. ಅವಳ ಮಾತಿನಲ್ಲಿ ಕೇಳಿದರೆ ನಿಮ್ಮ ಅರ್ಧ ಗಂಟೆ ಸಾಲದು. ನಡುನಡುವೆ ಕನ್ನಡದಲ್ಲಿ ಸಾರ ಹೇಳಿದರೆ ಉಳಿದವರಿಗೂ ಅರ್ಥವಾಗುತ್ತದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲ ಕಡೆ ಗುಡ್ಡಗಳು ಜಾರಿದಾಗ ನಮ್ಮಲ್ಲಿ ಕರೆಂಟೂ ಇಲ್ಲ, ಫೋನೂ ಇಲ್ಲ. ಟಾರ್ಚಿನ ಬ್ಯಾಟರಿ ತೆಗೆದು ರೇಡಿಯೊಗೆ ಹಾಕಿ ಮೂರು ಮನೆಯವರು ಸುತ್ತ ಕೂತಿದ್ದೆವು. ಕನ್ನಡದ ಒಂದು ಧ್ವನಿ ಕೇಳಿಸಿದರೆ ಸಾಕಾಗಿತ್ತು. ಆ ದಿನಗಳ ನಂತರ ರೇಡಿಯೊ ಹಳೆಕಾಲದ್ದು ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ.

ಈಗ ನನ್ನ ಬೇಡಿಕೆಗಳು. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ, ಹೊಸ ಅನುದಾನ ಬೇಕಿಲ್ಲ.

ಮೊದಲನೆಯದಾಗಿ, ಹಾಡಿದವರಿಗೆ, ಮಾತಾಡಿದವರಿಗೆ ಪ್ರಸಾರಕ್ಕೆ ಕನಿಷ್ಠ ಮೂರು ದಿನ ಮೊದಲು ಫೋನ್ ಮಾಡಿ ದಿನ, ಹೊತ್ತು ತಿಳಿಸಿ. ಫೋನ್ ಸಿಗದ ಕಡೆ ಒಂದು ಕಾರ್ಡು ಹಾಕಿ. ಬೇರೆ ಏನೂ ಆಗದಿದ್ದರೂ ಇದೊಂದನ್ನು ನಾಳೆಯಿಂದಲೇ ಮಾಡಿ. ಮನೆಗೆ ಬಂದು ಧ್ವನಿ ತೆಗೆದುಕೊಂಡು ಹೋದವರು ಅದು ಯಾವಾಗ ಕೇಳಿಸುತ್ತದೆ ಎಂದು ಹೇಳದಿರುವುದು ನಮ್ಮ ಕಡೆಯ ಸಂಪ್ರದಾಯವಲ್ಲ.

ಪ್ರತಿ ಶನಿವಾರ ಬೆಳಗ್ಗೆ ಮತ್ತು ಸಂಜೆ ಐದೈದು ನಿಮಿಷ ಮುಂದಿನ ವಾರದ ಸಂಗೀತ ಮತ್ತು ಸಂದರ್ಶನಗಳ ಪಟ್ಟಿ ಓದಿ. ಹಾಡುವವರ ಹೆಸರು, ಊರು, ಭಾಷೆ, ಗಂಟೆ, ಎಲ್ಲವನ್ನೂ ಬಿಡಿಸಿ, ನಿಧಾನವಾಗಿ ಎರಡು ಸಲ ಹೇಳಿ, ಬರೆದುಕೊಳ್ಳುವವರು ಬರೆದುಕೊಳ್ಳಲಿ. ಜೊತೆಗೆ ಹಾಡಿನ ಒಂದು ತುಣುಕು ಕೇಳಿಸಿದರೆ ಇನ್ನೂ ಚೆನ್ನ. ಅದೇ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ, ಶಾಲೆಗಳಿಗೆ, ಜಿಲ್ಲೆಯ ಪತ್ರಿಕೆಗಳಿಗೆ ಕಳಿಸಿ. ಐದು ತಾಲ್ಲೂಕಿನ ಬಸ್ ನಿಲ್ದಾಣಗಳಲ್ಲಿ ಒಂದೊಂದು ಹಾಳೆ ಅಂಟಿಸಿದರೆ ಸಂತೆಗೆ ಬಂದವರು ಓದುತ್ತಾರೆ. ಕ್ರಿಕೆಟ್ ವೀಕ್ಷಕ ವಿವರಣೆಯೋ ಗಣ್ಯರ ನಿಧನವೋ ಬಂದು ಕಾರ್ಯಕ್ರಮ ಬದಲಾಗುವುದುಂಟು. ಅದು ನಿಮ್ಮ ಕೈಯಲ್ಲಿಲ್ಲ ಎಂದು ನಮಗೆ ಅರ್ಥವಾಗುತ್ತದೆ. ಆದರೆ ತಪ್ಪಿದ ಕಾರ್ಯಕ್ರಮ ಮತ್ತೆ ಯಾವಾಗ ಎಂಬುದನ್ನು ಅದೇ ದಿನ ಹೇಳಿ.

ಜಿಲ್ಲೆಯವರ ಹಾಡು, ಮಾತು ಯಾವುದೇ ಇರಲಿ, ಕಡೇಪಕ್ಷ ಎರಡು ಸಲ ಬರಲಿ. ಒಮ್ಮೆ ಸಂಜೆ ಬಂದರೆ ಮತ್ತೊಮ್ಮೆ ಬೆಳಗ್ಗೆ. ತೋಟದ ಕೆಲಸದವರಿಗೆ ಸಂಜೆ ಸಿಗುತ್ತದೆ, ಮಕ್ಕಳಿಗೆ ಭಾನುವಾರ ಸಿಗುತ್ತದೆ, ನಿದ್ದೆ ಬಾರದ ಮುದುಕರಿಗೆ ನಸುಕಿನಲ್ಲಿ ಸಿಗುತ್ತದೆ. ಹಾಗೆಯೇ ಹಬ್ಬದ ಸಾಲು ಹತ್ತಿರ ಬರುತ್ತಿದೆ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್, ಅಕ್ಟೋಬರಿನಲ್ಲಿ ಮಡಿಕೇರಿ ಮತ್ತು ಗೋಣಿಕೊಪ್ಪದ ದಸರಾ, ತುಲಾ ಸಂಕ್ರಮಣ, ಆಮೇಲೆ ಪುತ್ತರಿ. ಈ ಮೂರು ನಾಲ್ಕು ತಿಂಗಳಲ್ಲಿ ಏನೇನು ಹಾಡು, ಯಾರ ಯಾರ ಮಾತು ಬರಲಿದೆ ಎಂಬುದನ್ನು ಈಗಲೇ ಯೋಚಿಸಿ, ಒಂದು ಹಾಳೆಯಾಗಿ ಹೊರತನ್ನಿ. ನಮಗೂ ಗೊತ್ತಿರುವ ಹಾಡುಗಾರರ ವಿಳಾಸ ಕೊಡುತ್ತೇವೆ.

ನಿಮ್ಮಲ್ಲಿ ಕೈಗಳು ಕಡಿಮೆ ಎಂದು ಬಂದ ಹುಡುಗನೇ ಹೇಳಿದ್ದ. ಒಬ್ಬರೇ ಮೈಕು ಹಿಡಿಯಬೇಕು, ಒಬ್ಬರೇ ಕತ್ತರಿಸಿ ಜೋಡಿಸಬೇಕು, ಅವರೇ ಸ್ಟುಡಿಯೊದಲ್ಲಿ ಕೂರಬೇಕು. ಆ ಕಷ್ಟ ಅರಿತೇ ಹೇಳುತ್ತಿದ್ದೇನೆ, ಈ ಕೆಲಸದ ಅರ್ಧ ನಾವು ಹೊರುತ್ತೇವೆ. ಪಟ್ಟಿ ನನಗೆ ಬಂದರೆ ನಮ್ಮ ಕಣಿವೆಯ ಹನ್ನೊಂದು ಮನೆಗೆ ಮುಟ್ಟಿಸುವುದು ನನ್ನ ಜವಾಬ್ದಾರಿ. ಅಂಗಡಿಯ ಹಲಗೆಗೆ ಬರೆಯುತ್ತೇನೆ. ಕೇಳಿದ ಮೇಲೆ ಹೇಗಿತ್ತು ಎಂದು ಪತ್ರವನ್ನೂ ಬರೆಯುತ್ತೇವೆ, ಹೊಗಳಿಕೆಯಾದರೆ ಹೊಗಳಿಕೆ, ತಪ್ಪಾದರೆ ತಪ್ಪು. ಪ್ರತಿ ಊರಲ್ಲೂ ಇಂಥ ಒಬ್ಬರು ಸಿಗುತ್ತಾರೆ, ಹುಡುಕಿದರೆ.

ಕೊನೆಯದಾಗಿ ಒಂದು ಸ್ವಂತ ಬೇಡಿಕೆ. ಕಳೆದ ಪುತ್ತರಿಯ ಆ ಧ್ವನಿಮುದ್ರಣ ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ಇರಬೇಕು. ಅಳಿಸಿಹೋಗಿದ್ದರೆ ಹಾಗೆಂದು ಹೇಳಿಬಿಡಿ, ಮತ್ತೆ ಬಂದು ತೆಗೆದುಕೊಳ್ಳಿ, ನಾಲ್ವರೂ ಹಾಡಲು ಸಿದ್ಧರಿದ್ದಾರೆ. ಇದ್ದರೆ ಕೈಲ್‌ಪೊಳ್ದಿನ ಮೊದಲು ಒಂದು ಸಂಜೆ ಮರುಪ್ರಸಾರ ಮಾಡಿ. ಅಜ್ಜನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಚೆನ್ನಾಗಿದೆ. ದಿನ ಮತ್ತು ಗಂಟೆ ತಿಳಿಸಿದರೆ ಸಾಕು. ಮಳೆ ಇದ್ದರೆ ಕಣದ ಆ ಮೂಲೆಗೆ ಟಾರ್ಪಾಲು ಕಟ್ಟಿ, ಬೆಂಚು ಹಾಕಿ, ಬಲಗಿವಿಯ ಕಡೆ ರೇಡಿಯೊ ಇಟ್ಟು ನಾವೆಲ್ಲ ಕೂತಿರುತ್ತೇವೆ.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಭಾಗಮಂಡಲ ಕಡೆಯ ನಿತ್ಯದ ಕೇಳುಗಾರ್ತಿ
ಕಕ್ಕಡ ಹತ್ತೊಂಬತ್ತು